ಹಾಲುಣಿಸುವಾಗ ಜ್ವರ ಬಂದರೆ? ಅನುಭವ ಹೇಳಿ

ಹೊಸ ಅಮ್ಮ: ಮಗುವಿಗೆ ಎರಡೂವರೆ ತಿಂಗಳು. ನನಗೆ ನಿನ್ನೆಯಿಂದ ಶೀತ, ಜ್ವರ. ರೋಗ ತಡೆಯುವ ಶಕ್ತಿ ತಾಯಿ ಹಾಲಿನಿಂದಲೇ ಬರುತ್ತದೆ ಅಂತಾರೆ. ಕುಡಿಸಲಾ, ಬಿಡಲಾ?

33 ವಾರದ ಅಮ್ಮ: ನನ್ನ ಮಗಳು 33 ವಾರಕ್ಕೇ ಹುಟ್ಟಿದಳು. ಮಾಸಿನ ಮೂಲಕ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ತಾಯಿಯ ಮೈ ತಯಾರಿಸುವ ರಕ್ಷಕಗಳು, ಜಾಸ್ತಿ ದಾಟುವುದು ಕೊನೆಯ ವಾರಗಳಲ್ಲಿ. ಅಷ್ಟೂ ಅವಳಿಗೆ ತಪ್ಪಿಹೋಯಿತು. 26 ದಿನ ಐಸಿಯು. ಮೂರು ಗಂಟೆಗೊಮ್ಮೆ ಪಂಪ್, ರಾತ್ರಿ ಎರಡಕ್ಕೂ. ಮೊದಲ ದಿನ ಸಿಕ್ಕಿದ್ದು 4 ಎಂಎಲ್. ಹಳದಿ, ಅಂಟು ಅಂಟು. ಸಿರಿಂಜಿಗೆ ಮೆತ್ತಿಕೊಂಡಿದ್ದನ್ನೂ ನರ್ಸ್ ಬಿಡಲಿಲ್ಲ, ಬಳಿದು ಮಗುವಿನ ಕೆನ್ನೆಯೊಳಗೆ ಸವರಿದರು. ಸುಲಭಕ್ಕೆ ಡಬ್ಬಿ ಹಾಲಿಗೆ ಹೋಗುವವರನ್ನು ಕಂಡರೆ ಸಂಕಟ ಆಗುತ್ತದೆ.

ಡಬ್ಬಿ ಹಾಲಿನವಳು: "ಸುಲಭಕ್ಕೆ" ಅಂದಿದ್ದು ನನಗೇ ಅಲ್ವಾ? ಎರಡು ಸಲ ಮೊಲೆ ಬಾತು, ಕೀವಾಗಿ, ಕೊಯ್ಸಿಕೊಂಡು ಒಂಬತ್ತು ದಿನ ಡ್ರೆಸ್ಸಿಂಗ್ ಮಾಡಿಸಿದ್ದೇನೆ. ಆಮೇಲೇ ಬಿಟ್ಟಿದ್ದು. ರಕ್ತದಲ್ಲಿರುವ ರಕ್ಷಣೆ ಹೊಕ್ಕುಳಬಳ್ಳಿಯಲ್ಲೇ ಬಂದಿರುತ್ತದೆ. ತಿಂಗಳು ತುಂಬಿದ ಮಗುವಿನಲ್ಲಿ ತಾಯಿಗಿಂತಲೂ ಜಾಸ್ತಿ ಇರುವುದುಂಟು. ಹಾಲಿನದು ಗಂಟಲಿಗೆ, ಕರುಳಿಗೆ ಲೇಪ ಹಚ್ಚಿದ ಹಾಗೆ, ಅಷ್ಟೇ.

33 ವಾರದ ಅಮ್ಮ: ಆ ಲೇಪದ ಬೆಲೆ ಭೇದಿ ಶುರುವಾದಾಗ ಗೊತ್ತಾಗುತ್ತದೆ.

ಡಬ್ಬಿ ಹಾಲಿನವಳು: ಶಾಪ ಹಾಕ್ತಿದ್ದೀರಾ?

ಎರಡು ಮಕ್ಕಳ ಅಪ್ಪ: ಇಬ್ಬರೂ ಸ್ವಲ್ಪ ಸುಮ್ನಿರಿ. ದೊಡ್ಡವನ ಸಲ ಬಸಿರಲ್ಲೇ ನಾಯಿಕೆಮ್ಮಿನ ಲಸಿಕೆ ಹಾಕಿಸಿದ್ದೆವು. ಎರಡನೇ ಸಲ "ಒಂದ್ಸಲ ಆಗಿದೆಯಲ್ಲ" ಅಂತ ನಾನೇ ಬಿಡಿಸಿದೆ. ತಾಯಿಯ ಪ್ರತಿಕಾಯ ಬೇಗ ಇಳಿಯುತ್ತದೆ, ಪ್ರತಿ ಬಸಿರಿಗೂ ಬೇಕು ಅಂತ ಆಮೇಲೆ ತಿಳಿಯಿತು. ಮಗಳಿಗೆ ಐದನೇ ವಾರಕ್ಕೇ ಬಂತು. ಅಷ್ಟು ಚಿಕ್ಕವು ಕೆಲವು ಸಲ ಕೆಮ್ಮುವುದೂ ಇಲ್ಲ, ಉಸಿರೇ ನಿಲ್ಲಿಸುತ್ತವೆ. ತುಟಿ ನೀಲಿ. 19 ದಿನ ಆಸ್ಪತ್ರೆ. ಪಕ್ಕದಲ್ಲಿ ಸೆಕೆಂಡು ಎಣಿಸುತ್ತಾ ಕೂತಿರುತ್ತಿದ್ದೆ. ಹನ್ನೊಂದು, ಹನ್ನೆರಡು... ಹೆಂಡತಿ ಇವತ್ತಿಗೂ ಆ ಮಾತು ಎತ್ತಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಮೊಮ್ಮಗನ ಅಜ್ಜಿ: ನನ್ನ ಮಗಳಿಗೆ ಚಿಕ್ಕವಳಿದ್ದಾಗ ದಡಾರ ಬಂದಿತ್ತು. ಮೊಮ್ಮಗನಿಗೆ ಅದರ ಲಸಿಕೆ ಬೇಡ ಅಂದೆ. ಅಮ್ಮನದೇ ಸಾಕು.

ಎರಡು ಮಕ್ಕಳ ಅಪ್ಪ: ಸಾಕಾಗಲ್ಲ ಅಮ್ಮಾ. ಅದು ಸಾಲ ತಂದ ಶಕ್ತಿ. ಮೂರು ನಾಲ್ಕು ವಾರಕ್ಕೆ ಅರ್ಧ, ಆಮೇಲೆ ಅದರಲ್ಲಿ ಅರ್ಧ. ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಖಾಲಿ. ಅದು ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ದಡಾರದ್ದನ್ನು ಒಂಬತ್ತು ತಿಂಗಳೋ ವರ್ಷವೋ ಆದಮೇಲೆ ಹಾಕುವುದು.

ಮೊಮ್ಮಗನ ಅಜ್ಜಿ: ಮೂರು ಹೆತ್ತಿದ್ದೇನೆ. ಗಂಡಸರಿಂದ ಪಾಠ ಬೇಡ.

ಡಬ್ಬಿ ಹಾಲಿನವಳು: ಅವರ ಮಗಳ ಉಸಿರು ನಿಂತಿದ್ದನ್ನು ಓದಿದಿರಾ, ಇಲ್ಲವಾ?

ಹೊಸ ಅಮ್ಮ: ನನ್ನ ಪ್ರಶ್ನೆ...

33 ವಾರದ ಅಮ್ಮ: ಕುಡಿಸಿ ಮಾರಾಯ್ತಿ. ಈ ಜ್ವರಕ್ಕೆ ನಿನ್ನ ಮೈ ತಯಾರಿಸುವ ಪ್ರತಿಕಾಯ ಹಾಲಿಗೂ ಇಳಿಯುತ್ತದೆ. ಕೈ ತೊಳೆದುಕೋ, ಮಾಸ್ಕ್ ಹಾಕಿಕೋ. ಪಂಪ್ ಮಾಡಿದ್ದನ್ನು ಮಾತ್ರ ಕುದಿಸಬೇಡ, ಅದರಲ್ಲಿರುವ ಪ್ರತಿಕಾಯ ಹಾಳಾಗುತ್ತದೆ.

ಡಬ್ಬಿ ಹಾಲಿನವಳು: ತಾಯಿ ಹಾಲನ್ನು ಯಾರು ಕುದಿಸ್ತಾರೆ?

33 ವಾರದ ಅಮ್ಮ: ನಮ್ಮ ಅತ್ತೆ. 60 ಎಂಎಲ್. ಎರಡು ರಾತ್ರಿಯದು.