ಬಿಳಿಯರಲ್ಲದ ಮಹಿಳೆಯರ ಗುಂಪು ಸಮಾಲೋಚನೆಗೆ ತಂಗಿ ಸೇರಬಹುದೇ?

ಪ್ರಶ್ನೆ:
ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಹೆರಿಗೆಯಾದ ಮೇಲೆ ತೀರಾ ಕುಗ್ಗಿದ್ದಾಳೆ. ಕಪ್ಪು, ಲ್ಯಾಟಿನ್ ಅಮೆರಿಕ ಮೂಲದ ಹಾಗೂ ಏಷ್ಯಾ ಮೂಲದ ಮಹಿಳೆಯರಿಗೆಂದೇ ನಡೆಯುವ ಗುಂಪು ಸಮಾಲೋಚನೆಗೆ ಸೇರುವಂತೆ ಅವಳ ವೈದ್ಯೆ ಸೂಚಿಸಿದ್ದಾರೆ. ಅಲ್ಲಿ ಆಡಿದ ಮಾತು ಕನ್ನಡ ಕೂಟದವರ ಕಿವಿಗೆ ಬಿದ್ದೀತೆಂಬ ಅಂಜಿಕೆ ಅವಳದು. ಇದರಿಂದ ಪ್ರಯೋಜನವಿದೆಯೇ?

ಉತ್ತರ 1:
ಖಂಡಿತ ಇದೆ. ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ 1983ರಲ್ಲಿ ಆರೋಗ್ಯ ಕಾರ್ಯಕರ್ತೆ ಬಿಲ್ಲಿ ಏವರಿ ಅವರ ಮುಂದಾಳತ್ವದಲ್ಲಿ ನಡೆದ ಕಪ್ಪು ಮಹಿಳೆಯರ ಆರೋಗ್ಯ ಸಮಾವೇಶದ ಬೆನ್ನಲ್ಲೇ ಇಂಥ ಸ್ವಸಹಾಯ ಗುಂಪುಗಳು ಹಬ್ಬಿದವು. ಬೇರೆಡೆ ಬಾಣಂತನದ ಕಟ್ಟುಪಾಡು, ಅತ್ತೆಮನೆಯ ನಿರೀಕ್ಷೆ, ಗಂಡನ ವೀಸಾದ ಮೇಲಿನ ಅವಲಂಬನೆ ಇವನ್ನೆಲ್ಲ ವಿವರಿಸುವುದರಲ್ಲೇ ಅರ್ಧ ಸಮಯ ಕಳೆದುಹೋಗುತ್ತದೆ. ಇಲ್ಲಿ ಎದುರಿಗೆ ಕುಳಿತವರಲ್ಲಿ ಹಲವರು ಅದನ್ನೇ ಉಂಡವರಾಗಿರುತ್ತಾರೆ.

ಉತ್ತರ 2:
ಗುಂಪನ್ನು ನಡೆಸುವವರು ಪರವಾನಗಿ ಪಡೆದ ಚಿಕಿತ್ಸಕರೇ ಎಂಬುದನ್ನು ಮೊದಲು ಕೇಳಿ. ಅಂಥವರು ಗೋಪ್ಯತೆಗೆ ಕಾನೂನಿನಿಂದಲೇ ಬದ್ಧರು. ಉಳಿದ ಸದಸ್ಯರನ್ನು ಕಟ್ಟಿಹಾಕುವುದು ಬಹುಮಟ್ಟಿಗೆ ಅವರು ಕೊಟ್ಟ ಮಾತು ಮಾತ್ರ. ಆದ್ದರಿಂದ ತಂಗಿಯವರ ಅಂಜಿಕೆ ಸಕಾರಣವಾದದ್ದೇ. ಸೇರುವ ಮುನ್ನ ಚಿಕಿತ್ಸಕರೊಡನೆ ಒಬ್ಬರೇ ಮಾತನಾಡಿ, ಪರಿಚಿತರು ಎದುರಾದರೆ ಏನು ಮಾಡುತ್ತಾರೆಂದು ವಿಚಾರಿಸಲಿ. ಮನೆಯಲ್ಲಿ ಹಿಂಸೆಯೂ ಇದ್ದರೆ, ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ 1985ರಲ್ಲಿ ನ್ಯೂಜೆರ್ಸಿಯಲ್ಲೇ ಆರಂಭವಾದ ‘ಮಾನವಿ’ ಸಂಸ್ಥೆಯನ್ನು ಸಂಪರ್ಕಿಸಬಹುದು.

ಉತ್ತರ 3:
ಮೇಲಿನ ಮಾತುಗಳಿಗೆ ಒಂದು ಸೇರಿಸುತ್ತೇನೆ. ತನಗೋ ಮಗುವಿಗೋ ಕೇಡು ಮಾಡಿಕೊಳ್ಳುವ ಯೋಚನೆ ಆಕೆಗೆ ಬರುತ್ತಿದ್ದರೆ ಗುಂಪಿನ ಸರದಿಗೆ ಕಾಯಬೇಡಿ. ಈಗಲೇ ವೈದ್ಯೆಗೆ ತಿಳಿಸಿ, ಇಲ್ಲವೇ ಇಂಥ ಬಿಕ್ಕಟ್ಟಿಗೆಂದೇ ಅಮೆರಿಕದಲ್ಲಿ ಹಗಲಿರುಳೂ ದೊರೆಯುವ ಸಹಾಯವಾಣಿ 988ಕ್ಕೆ ಕರೆಮಾಡಿ.