ಅಪ್‌ಡೇಟ್: ದಿನಕ್ಕೆ ಹತ್ತು ನಿಮಿಷದ ಚಿತ್ರ, ಆರು ತಿಂಗಳಾಯಿತು

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್‌ಗೆ ದಿನಾ ಲೋಕಲ್ ರೈಲಿನಲ್ಲಿ ಓಡಾಡುವವಳು, ಚಿತ್ರ ಕಲಿಯಲು ಸಮಯವೇ ಇಲ್ಲ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. "ಹತ್ತೇ ನಿಮಿಷ ಸಾಕು, ಆದರೆ ತಪ್ಪಿಸಬೇಡಿ" ಅಂದಿದ್ದಿರಿ. ಹಾಗೇ ಮಾಡಿದೆ.

ಲೋಕಲ್‌ನಲ್ಲಿ ಕೈಯಾಡಿಸಲೂ ಜಾಗ ಇರುವುದಿಲ್ಲ. ಅದಕ್ಕೆ ಇಳಿದ ಮೇಲೆ, ಸ್ಟೇಷನ್ ಎದುರು ನಿಂತು ಚಿತ್ರ ಬರೆಯುತ್ತೇನೆ. 1888ರಲ್ಲಿ ಮುಗಿದ ಕಟ್ಟಡ ಅದು. ಗೇಟಿನ ಒಂದು ಕಂಬದ ಮೇಲೆ ಬ್ರಿಟನ್ನಿನ ಗುರುತಾಗಿ ಸಿಂಹ, ಇನ್ನೊಂದರ ಮೇಲೆ ಭಾರತದ ಹುಲಿ. ಎರಡು ತಿಂಗಳು ಹುಲಿಯನ್ನೇ ಬರೆದೆ. ಮೊದಮೊದಲು ಬರೀ ಹೊರಗೆರೆ. ಒಂದು ದಿನ ಹೆಗಲ ಕೆಳಗಿನ ನೆರಳು ಕಂಡಿತು. ಅಷ್ಟು ದಿನವೂ ಅದು ಅಲ್ಲೇ ಇತ್ತು ಅಲ್ವಾ! ಅವತ್ತು ಖುಷಿಗೆ ಕಣ್ಣು ತುಂಬಿತು.

ಜೋರು ಮಳೆಗೆ ಮೂರು ದಿನ ತಪ್ಪಿತು. ನಾಲ್ಕನೇ ದಿನ ಕೈ ಬಿಗಿದಂತಿತ್ತು.

ಈಗ ನಾಲ್ಕನೇ ಪುಸ್ತಕ. ನಿಮಗೆಲ್ಲ ತುಂಬಾ ಥ್ಯಾಂಕ್ಸ್. ನಾಳೆಯಿಂದ ಸಿಂಹ.