ಅವ್ವನ ಫೋನ್ ಫುಲ್ ಆಗೇತಿ, ಅಪ್ಪನ ಫೋಟೋ ದನಿ ಉಳಿಸಿ ಜಾಗಾ ಮಾಡೂದು ಹ್ಯಾಂಗ್ರಿ? ಜೋಡಿಗೆ ಗೀಜರ್ ಸುಣ್ಣದ್ದೂ ಒಂದ ಪ್ರಶ್ನೆ

ಉಣಕಲ್ ಹುಡುಗ, ಹುಬ್ಬಳ್ಳಿ

ನಮಸ್ಕಾರ್ರೀ ಎಲ್ಲಾರಿಗೂ. ಅವ್ವನ ಫೋನಿಂದ ಭಾಳ ತ್ರಾಸ ಆಗೇತಿ, ಅದಕ್ಕ ಇಲ್ಲೆ ಕೇಳಾಕತ್ತೀನಿ. ಆಂಡ್ರಾಯ್ಡ್ ಫೋನು, 64 ಜಿಬಿದು, ನಾಕ ವರ್ಷ ಹಳೇದು. ಹದಿನೈದು ದಿನದಿಂದ ಸ್ಟೋರೇಜ್ ಫುಲ್ ಸ್ಟೋರೇಜ್ ಫುಲ್ ಅಂತ ಬರ್ತೈತಿ, ಫೋಟೋ ಹೊಡಿಯಾಕ ಹ್ವಾದ್ರ ಆಗವಲ್ದು, ವಾಟ್ಸಾಪ್‌ನ್ಯಾಗ ಯಾರರ ಏನರ ಕಳಿಸಿದ್ರ ಡೌನ್‌ಲೋಡ್ ಆಗವಲ್ದು, ಇದರ ಮ್ಯಾಲ ಈಗ ಜೀಮೇಲ್ ಸುದ್ದಾ ಬಂದ ಆಗೇತಿ. ಬ್ಯಾಂಕಿಂದ ಒಂದ ಸ್ಟೇಟ್‌ಮೆಂಟ್ ಬರಬೇಕಿತ್ತು, ಅವ್ರು ಕಳಿಸೇವಿ ಅಂತಾರ, ಇಲ್ಲೆ ಬಂದ ಇಲ್ಲ.

ಎಲ್ಲಾ ಡಿಲೀಟ್ ಹೊಡದು ಕೈ ತೊಳಕೋಬಹುದಿತ್ರಿ, ಆದ್ರ ಅಪ್ಪ ಹ್ವಾದ ವರ್ಷ ದೀಪಾವಳಿ ಮುಂದ ತೀರಿಕೊಂಡ್ರು. ಅಪ್ಪನ ಫೋಟೋ ಎಲ್ಲಾ ಆ ಫೋನ್‌ನ್ಯಾಗ ಅದಾವು. ಅದಕ್ಕಿಂತ ಹೆಚ್ಚಿಂದು ಅಂದ್ರ ವಾಟ್ಸಾಪ್‌ನ್ಯಾಗ ಅವ್ವಗ ಕಳಿಸಿದ ವಾಯ್ಸ್ ಮೆಸೇಜು. ಸಂತ್ಯಾಗ ಮೆಂತೆ ತಪ್ಪಲ ಚಲೋ ಬಂದೈತಿ ತರಲೇನು, ಬಸ್ ಸಿಕ್ತು, ನಂದು ತಡಾ ಆಗ್ತೈತಿ ನೀವು ಉಂಡ ಬಿಡ್ರಿ, ಇಂಥಾವ ಎಲ್ಲಾ. ಅವ್ವ ರಾತ್ರಿ ಮಲಗೂ ಮುಂದ ಒಮ್ಮೊಮ್ಮೆ ಹಚ್ಚಿಕೊಂಡು ಕೇಳ್ತಾಳ. ಅವು ಹ್ವಾದ್ರ ಅವ್ವಗ ನಾ ಏನ್ ಹೇಳ್ಲಿ. ಅದಕ್ಕ ಕೈ ಹಚ್ಚಾಕ ಹೆದರಿಕಿ ಆಗ್ತೈತಿ.

ಎರಡನೇದು ಸಣ್ಣದು. ನಳದ ನೀರು ದಿನಾ ಬರೂದಿಲ್ಲ, ಬಚ್ಚಲಕ್ಕ ಬೋರ್ ನೀರ ಗತಿ. ಗೀಜರ್ ಮೊದಲ ಹತ್ತ ನಿಮಿಷಕ್ಕ ಕಾಯ್ತಿತ್ತು, ಈಗ ಅರ್ಧ ತಾಸು ಬೇಕು, ಶವರ್ ತೂತು ಬಿಳಿ ಸುಣ್ಣ ಹಿಡದು ಮುಚ್ಚಿ ಹೋಗ್ಯಾವು. ಇದಕ್ಕೇನ್ ಮಾಡ್ತೀರಿ ನೀವೆಲ್ಲಾ?

ನವನಗರ

ಫೋಟೋ ಎಲ್ಲಾ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿರ್ತಾವ ಬ್ರೋ. ಗೂಗಲ್ ಫೋಟೋಸ್ ಆ್ಯಪ್ ತಗದು ಎಲ್ಲಾ ಸೆಲೆಕ್ಟ್ ಮಾಡಿ ಡಿಲೀಟ್ ಮಾಡಿಬಿಡ್ರಿ, 15 ಜಿಬಿ ಖಾಲಿ ಆಗ್ತೈತಿ, ಫೋನ್‌ನ್ಯಾಗಿನ್ವು ಫೋನ್‌ನ್ಯಾಗ ಉಳಿತಾವು.

ಹಾವೇರಿ ಮಾಸ್ತರು

ತಡೀರಿ ತಡೀರಿ, ದಯಮಾಡಿ ಹಂಗ ಮಾಡಬ್ಯಾಡ್ರಿ. ನಾನು ಇದನ್ನ ಮಾಡಿ ನಮ್ಮ ಮಗಳ ಸಣ್ಣಾಕಿ ಇದ್ದಾಗಿನ ಫೋಟೋ ಕಳಕೊಂಡೀನಿ, ಇನ್ನೊಬ್ಬರಿಗೆ ಆ ಗತಿ ಬರಬಾರದು ಅಂತ ಬರೀಲಿಕತ್ತೀನಿ. ಗೂಗಲ್ ಫೋಟೋಸ್ ಆ್ಯಪ್‌ನ್ಯಾಗ ಬ್ಯಾಕಪ್ ಆದ ಫೋಟೋ ಡಿಲೀಟ್ ಮಾಡಿದ್ರ ಅದು ಗೂಗಲ್‌ದಿಂದಾನೂ ಹೋಗ್ತದ, ಫೋನಿಂದಾನೂ ಹೋಗ್ತದ. ಎರಡೂ ಕಡೆ. ಅದು ಟ್ರ್ಯಾಶ್‌ನ್ಯಾಗ 60 ದಿನ ಇರ್ತದ, ಅಷ್ಟರೊಳಗ ನೆನಪಾದ್ರ ವಾಪಸ್ ತರಬಹುದು. ನಂಗ ಗೊತ್ತಾಗೂದ್ರಾಗ ಮೂರು ತಿಂಗಳು ಆಗಿತ್ತು.

ಫೋನ್‌ನ್ಯಾಗಿಂದು ಅಷ್ಟ ತಗೀಬೇಕು ಅಂದ್ರ ಅದರಾಗ ಫ್ರೀ ಅಪ್ ಸ್ಪೇಸ್ ಅಂತ ಬ್ಯಾರೆ ಬಟನ್ ಅದ. ಅದು ಬ್ಯಾಕಪ್ ಆಗಿದ್ದನ್ನ ನೋಡಿಕೊಂಡು ಫೋನಿನ ಕಾಪಿ ಮಾತ್ರ ತಗೀತದ. ಅದನ್ನ ಒತ್ತೂಕಿಂತ ಮೊದಲ ಒಂದ ಪರೀಕ್ಷೆ ಮಾಡ್ರಿ, ಬ್ಯಾರೆ ಫೋನು ಇಲ್ಲಾ ಕಂಪ್ಯೂಟರ್‌ನ್ಯಾಗ ಅವ್ವಾರ ಅಕೌಂಟ್ ತಗದು ಅಪ್ಪಾರ ಫೋಟೋ ಅಲ್ಲೆ ಕಾಣಸ್ತಾವೇನು ಕಣ್ಣಾರೆ ನೋಡ್ರಿ. ಬ್ಯಾಕಪ್ ಆಗಿರ್ತಾವ ಅಂತ ಅಂದಾಜಿನ ಮ್ಯಾಲ ಹೋಗಬ್ಯಾಡ್ರಿ. ವಾಟ್ಸಾಪ್‌ನ್ಯಾಗ ಬಂದ ಫೋಟೋದ ಫೋಲ್ಡರ್‌ಗೆ ಬ್ಯಾಕಪ್ ನಾವ ಬ್ಯಾರೆ ಆನ್ ಮಾಡಬೇಕು, ಭಾಳ ಮಂದಿ ಮಾಡಿರೂದಿಲ್ಲ.

ಧಾರವಾಡ ಮೊಬೈಲ್ ಅಂಗಡಿ

ಮಾಸ್ತರು ಹೇಳಿದ್ದು ಖರೇ ಐತಿ. ನಾ ಹನ್ನೆರಡ ವರ್ಷದಿಂದ ಇದ ಕೆಲಸ ಮಾಡಾಕತ್ತೀನಿ, ಅಂಗಡಿಗೆ ಅಳಕೋತ ಬರೂ ಮಂದಿ ಫೋನ್ ಒಡದವ್ರಲ್ಲ, ಫೋಟೋ ಕಳಕೊಂಡವ್ರು. ಜರಾ ಉದ್ದ ಬರೀತೀನಿ, ಸಮಾಧಾನಲೆ ಓದ್ರಿ ತಮ್ಮಾ.

ಮೊದಲ ತಿಳ್ಕೊಬೇಕಾದ್ದು, ನಿಮ್ಮ ಮನ್ಯಾಗ ಎರಡ ಡಬ್ಬಿ ತುಂಬ್ಯಾವು, ಒಂದಲ್ಲ. ಒಂದು ಫೋನಿನ 64 ಜಿಬಿ. ಇನ್ನೊಂದು ಗೂಗಲ್ ಪುಕ್ಕಟ ಕೊಡೂ 15 ಜಿಬಿ, ಅದರಾಗ ಜೀಮೇಲ್, ಡ್ರೈವ್, ಫೋಟೋಸ್ ಮೂರೂ ಪಾಲುದಾರರು. ಮೊದಲ ಹೈ ಕ್ವಾಲಿಟಿ ಫೋಟೋ ಲೆಕ್ಕಕ್ಕ ಹಿಡೀತಿರಲಿಲ್ಲ, 2021 ಜೂನ್ 1ರಿಂದ ಏರಿಸಿದ್ದೆಲ್ಲಾ ಲೆಕ್ಕಕ್ಕ ಬರ್ತೈತಿ. ವಾಟ್ಸಾಪ್ ಬ್ಯಾಕಪ್ಪೂ ಈಗ ಇದ 15ರಾಗ. ಇದು ತುಂಬಿದ್ರ ಮೇಲ್ ಬರೂದ ಬಂದ್ ಆಗ್ತೈತಿ, ಹೋಗೂದೂ ಬಂದ್. ಬ್ಯಾಂಕ್‌ನವ್ರು ಸುಳ್ಳ ಹೇಳಿಲ್ಲ, ಮೇಲ್ ತಿರುಗಿ ಅವ್ರ ಕಡೆ ಹೋಗಿರ್ತೈತಿ, ಜಾಗಾ ಮಾಡಿದ ಮ್ಯಾಲ ಮತ್ತೊಮ್ಮೆ ಕಳಸಾಕ ಹೇಳಬೇಕು. ಜೀಮೇಲ್ ತಗದು ಮ್ಯಾಲ ಬಲಕ್ಕ ಇರೂ ಸಣ್ಣ ಗೋಲ ಫೋಟೋ ಒತ್ತಿದ್ರ ಎಷ್ಟ್ ತುಂಬೇತಿ ಅಂತ ತೋರಸ್ತೈತಿ.

ಈಗ ಅಪ್ಪಾರ ದನಿ. ಒಂದ ಸಮಾಧಾನದ ಮಾತು, ವಾಯ್ಸ್ ಮೆಸೇಜ್ ಭಾಳ ಸಣ್ಣ ಫೈಲು, ಜಾಗಾ ತಿನ್ನೂದು ಅವಲ್ಲ. ಜಾಗಾ ತಿನ್ನೂದು ಗ್ರೂಪಿನ್ಯಾಗ ಬರೂ ವಿಡಿಯೋ. ಅಂದ್ರ ದನಿ ಮುಟ್ಟೂ ಪ್ರಸಂಗ ಬರೂದ ಇಲ್ಲ. ಇನ್ನೊಂದು, ಅಪ್ಪಾರ ನಂಬರ್ ಬಂದ್ ಆದ್ರೂ, ಅವ್ರ ವಾಟ್ಸಾಪ್ ಅಕೌಂಟ್ ಹ್ವಾದ್ರೂ, ಅವ್ವಾರ ಫೋನ್‌ನ್ಯಾಗ ಇಳದ ಮೆಸೇಜ್ ಅಲ್ಲೇ ಇರ್ತಾವು. ಆದ್ರ ಫೋನ್ ನೀರಾಗ ಬಿದ್ರ, ಕಳುವ ಆದ್ರ ಹ್ವಾತು, ಹಂಗಾಗಿ ಏನ ಅಳಸೂಕಿಂತ ಮೊದಲ ಕಾಪಿ ಮಾಡ್ಕೋರಿ.

ಒಂದ ಓಟಿಜಿ ಪೆನ್‌ಡ್ರೈವ್ ತಗೋರಿ, ಫೋನಿಗೆ ನೇರ ಹಚ್ಚೂ ಥರದ್ದು. ಫೈಲ್ಸ್ ಆ್ಯಪ್ ತಗದು ಇಂಟರ್ನಲ್ ಸ್ಟೋರೇಜ್, ಅದರಾಗ ಆಂಡ್ರಾಯ್ಡ್, ಅದರಾಗ ಮೀಡಿಯಾ, ಅಲ್ಲೆ ಕಾಮ್ ಡಾಟ್ ವಾಟ್ಸಾಪ್ ಅಂತ ಇರ್ತೈತಿ, ಹಂಗ ಒಳಗ ಹೋಗ್ಕೋತ ಹ್ವಾದ್ರ ವಾಟ್ಸಾಪ್ ವಾಯ್ಸ್ ನೋಟ್ಸ್ ಅಂತ ಫೋಲ್ಡರ್. ಒಳಗ ವರ್ಷ ಮತ್ತ ವಾರದ ನಂಬರ್ ಹಾಕಿದ ಸಣ್ಣ ಸಣ್ಣ ಫೋಲ್ಡರ್ ಇರ್ತಾವು, ಫೈಲ್ ಹೆಸರು ಪಿಟಿಟಿ ಅಂತ ಸುರು ಆಗಿ ಮುಂದ ತಾರೀಖು ಇರ್ತೈತಿ. ಇಡೀ ಫೋಲ್ಡರ್ ಕಾಪಿ ಮಾಡ್ರಿ. ಫೈಲ್ ಹೆಸರಿನ ಕೊನೀಗೆ ಓಪಸ್ ಅಂತ ಇರ್ತೈತಿ, ಕಂಪ್ಯೂಟರ್‌ನ್ಯಾಗ ವಿಎಲ್‌ಸಿ ಅನ್ನೂ ಪ್ಲೇಯರ್ ಹಾಕಿಕೊಂಡ್ರ ಆರಾಮ ಕೇಳಸ್ತೈತಿ.

ಅಲ್ಲೆ ಎಲ್ಲಾರ ದನೀನೂ ಕೂಡಿ ಇರ್ತಾವು, ಅಪ್ಪಾರದ್ದು ಯಾವ್ದು ಅಂತ ಹುಡುಕೂದು ಕಷ್ಟ. ಅದಕ್ಕ ಇನ್ನೊಂದೂ ಮಾಡ್ರಿ. ಅಪ್ಪಾರ ಚಾಟ್ ತಗದು ಮೂರು ಚುಕ್ಕಿ ಒತ್ತಿ, ಮೋರ್, ಎಕ್ಸ್‌ಪೋರ್ಟ್ ಚಾಟ್, ಇನ್‌ಕ್ಲೂಡ್ ಮೀಡಿಯಾ ಅಂತ ಕೊಟ್ರ ಅವ್ರ ಜೋಡಿ ಆಗಿದ್ದ ಮಾತು, ಫೋಟೋ, ದನಿ ಒಟ್ಟಿಗೆ ಒಂದ ಫೈಲ್ ಆಗಿ ಬರ್ತೈತಿ. ಚಾಟ್ ಭಾಳ ಉದ್ದ ಇದ್ರ ಹಳೇವು ಬಿಟ್ಟ ಹೋಗ್ತಾವು, ಅದಕ್ಕ ಪೆನ್‌ಡ್ರೈವ್ ಕಾಪಿ ಬೇಕ ಬೇಕು. ಒಂದ ಕಾಪಿ ಪೆನ್‌ಡ್ರೈವ್‌ನ್ಯಾಗ, ಇನ್ನೊಂದು ನಿಮ್ಮ ಕಂಪ್ಯೂಟರ್ ಇಲ್ಲಾ ತಂಗಿ ಮನ್ಯಾಗ. ಪೆನ್‌ಡ್ರೈವ್ ಒಂದನ್ನ ನಂಬಬ್ಯಾಡ್ರಿ, ಅದೂ ಕೆಡ್ತೈತಿ.

ಇದಾದ ಮ್ಯಾಲ ಅಳಸೂ ಕೆಲಸ. ವಾಟ್ಸಾಪ್ ಸೆಟ್ಟಿಂಗ್ಸ್, ಸ್ಟೋರೇಜ್ ಆಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲೆ 5 ಎಂಬಿಕಿಂತ ದೊಡ್ಡವು ಒಂದ ಕಡೆ, ಭಾಳ ಸಲ ಫಾರ್ವರ್ಡ್ ಆದವು ಒಂದ ಕಡೆ ಅಂತ ಅದ ಬ್ಯಾರೆ ಮಾಡಿ ಇಟ್ಟಿರ್ತೈತಿ. ಫಾರ್ವರ್ಡ್ ಆದವನ್ನ ಕಣ್ಣ ಮುಚ್ಚಿ ತಗೀರಿ. ದೊಡ್ಡವನ್ನ ಒಂದೊಂದ ನೋಡಿ ತಗೀರಿ, ಮನಿ ಮಂದಿ ಮದವಿ ವಿಡಿಯೋನೂ ಅದರಾಗ ಇರ್ತಾವು. ಆಮ್ಯಾಲ ಆಟೋ ಡೌನ್‌ಲೋಡ್ ಆಫ್ ಮಾಡ್ರಿ, ಚಾಟ್ ಬ್ಯಾಕಪ್ ಒಳಗ ಇನ್‌ಕ್ಲೂಡ್ ವಿಡಿಯೋಸ್ ಆಫ್ ಮಾಡ್ರಿ. ಜೀಮೇಲ್‌ನ್ಯಾಗ ಸ್ಪ್ಯಾಮ್ ಮತ್ತ ಟ್ರ್ಯಾಶ್ ಸುದ್ದಾ 15 ಜಿಬಿ ಲೆಕ್ಕಕ್ಕ ಬರ್ತಾವು, ಅವನ್ನ ಖಾಲಿ ಮಾಡಲಿಲ್ಲಂದ್ರ ಡಿಲೀಟ್ ಮಾಡಿದ್ದು ಡಿಲೀಟ್ ಆದಂಗಲ್ಲ.

ಮಾಡಬಾರದ್ದೂ ಹೇಳಿಬಿಡ್ತೀನಿ. ವಾಟ್ಸಾಪ್ ಅನ್‌ಇನ್‌ಸ್ಟಾಲ್ ಮಾಡಬ್ಯಾಡ್ರಿ. ಆ್ಯಪ್ ಇನ್ಫೋದಾಗ ಕ್ಲಿಯರ್ ಕ್ಯಾಶೆ ಒತ್ರಿ ನಡೀತೈತಿ, ಅದರ ಬಾಜೂಕ ಇರೂ ಕ್ಲಿಯರ್ ಡೇಟಾ ಒತ್ತಬ್ಯಾಡ್ರಿ. ನಿಮ್ಮ ಫೋನ್‌ನ್ಯಾಗ ವೈರಸ್ ಐತಿ ಕ್ಲೀನರ್ ಹಾಕ್ರಿ ಅಂತ ಬ್ರೌಸರ್‌ನ್ಯಾಗ ಬರೂದು ಸುಳ್ಳು. ಫೋನ್ ಮಾಡಿ ನಾವು ಸ್ಟೋರೇಜ್ ಸರಿ ಮಾಡಿ ಕೊಡ್ತೀವಿ ಒಂದ ಆ್ಯಪ್ ಹಾಕ್ಕೋರಿ, ಓಟಿಪಿ ಹೇಳ್ರಿ ಅಂದ್ರ ಕಟ್ ಮಾಡ್ರಿ, ಇದನ್ನ ಅವ್ವಾರಿಗೂ ಹೇಳಿ ಇಡ್ರಿ. ರೊಕ್ಕಾ ಹ್ವಾದ್ರ ತಡಾ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಬೇಕು, ಎಷ್ಟ್ ಲಗೂ ಹೇಳ್ತೀರಿ ಅಷ್ಟ್ ಉಳಿತೈತಿ.

ಗದಗಿನ ಅಕ್ಕ

ಫೋನಿಂದು ಅಣ್ಣಾರು ಹೇಳ್ಯಾರ, ನಾ ಸುಣ್ಣದ್ದು ಹೇಳ್ತೀನಿ, ನಮ್ಮದೂ ಬೋರ್ ನೀರ ನೋಡ್ರಿ. ಗಡಸು ನೀರು ಕಾದಾಗ ಅದರಾಗಿನ ಸುಣ್ಣ ಬ್ಯಾರೆ ಆಗಿ ಕಾಯಿಲ್‌ಗೆ ಹತ್ತಿಕೊಂತೈತಿ. ಕಾಯಿಲ್‌ಗೆ ರಜಾಯಿ ಹೊಚ್ಚಿದಂಗ ಆಗ್ತೈತಿ, ಬಿಸಿ ನೀರಿಗೆ ಮುಟ್ಟೂದಿಲ್ಲ, ಕರೆಂಟ್ ಬಿಲ್ ಏರ್ತೈತಿ, ಕಡೀಕ ಕಾಯಿಲ್ ಸುಟ್ಟ ಹೋಗ್ತೈತಿ.

ಶವರ್‌ಗೆ ಹಿಂಗ ಮಾಡ್ರಿ, ಪ್ಲಾಸ್ಟಿಕ್ ಚೀಲದಾಗ ಬಿಳಿ ವಿನೆಗರ್ ಹಾಕಿ ಶವರ್ ತಲಿ ಅದರಾಗ ಮುಣಗೂ ಹಂಗ ದಾರಾ ಕಟ್ರಿ. ಎರಡ ತಾಸಿಗೊಮ್ಮೆ ನೋಡ್ರಿ, ಹಳೇ ಹಲ್ಲಿನ ಬ್ರಷ್‌ಲೆ ತಿಕ್ಕಿದ್ರ ಉದುರ್ತೈತಿ. ಹೊಳಪಿನ ನಳ ಇದ್ರ ರಾತ್ರಿ ಪೂರ್ತಿ ಬಿಡಬ್ಯಾಡ್ರಿ, ಹೊಳಪು ಹೋಗ್ತೈತಿ. ನೀರು ಕಾಸೂ ಎಲೆಕ್ಟ್ರಿಕ್ ಕೆಟಲ್ ಇದ್ರ ಒಂದ ಲೀಟರ್ ನೀರಿಗೆ ಒಂದೆರಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಕುದಿಸಿ ಅರ್ಧ ತಾಸು ಬಿಟ್ಟು ಚೆಲ್ಲಿ, ಎರಡ ಸಲ ಬರೇ ನೀರು ಕುದಿಸಿ ತೊಳೀರಿ. ಕಿರಾಣಿ ಅಂಗಡ್ಯಾಗ ಸಿಗ್ತೈತಿ, ಪನೀರ್ ಒಡಸಾಕ ಅಂತ ಕೇಳ್ರಿ.

ಗೀಜರ್ ಒಳಗ ಮಾತ್ರ ನೀವ ಏನೂ ಸುರೀಬ್ಯಾಡ್ರಿ. ಕರೆಂಟಿನ ಸಾಮಾನು, ಸರ್ವಿಸ್‌ನವರನ್ನ ಕರಸಿ ಕಾಯಿಲ್ ತಗಸಿ ತೊಳಸ್ರಿ, ಒಳಗ ಆನೋಡ್ ಅಂತ ಒಂದ ಮೆಗ್ನೀಷಿಯಂ ಸರಳು ಇರ್ತೈತಿ, ಅದು ಸವದಿದ್ರ ಬದಲಿ ಮಾಡಸ್ರಿ, ಅದು ಸವೀತೈತಿ ಅಂತ ಟಾಕಿ ಉಳಿತೈತಿ. ಥರ್ಮೋಸ್ಟಾಟ್ 50, 55 ಡಿಗ್ರಿಗೆ ಇಡ್ರಿ, ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕೂಡ್ತೈತಿ.

ಭಾಳ ಮುಖ್ಯದ್ದು, ಬಚ್ಚಲದಾಗ ಶಹಾಬಾದ ಫರಸಿ ಇದ್ರ ಅದರ ಮ್ಯಾಲ ವಿನೆಗರ್ ಆಗ್ಲಿ ಆಸಿಡ್ ಆಗ್ಲಿ ಬೀಳಗೊಡಬ್ಯಾಡ್ರಿ. ಆ ಕಲ್ಲ ಸುಣ್ಣದ ಕಲ್ಲು, ನಳದ ಸುಣ್ಣ ತಿನ್ನೂ ಆಸಿಡ್ ಕಲ್ಲನ್ನೂ ತಿಂತೈತಿ. ನಮ್ಮ ಮನ್ಯಾಗ ಅತ್ತಿಯವ್ರ ಕಾಲದ ಫರಸಿ ಹಿಂಗ ಕಲೆ ಬಿದ್ದು ಹ್ವಾತು. ಮತ್ತ ಆಸಿಡ್ ಜೋಡಿ ಬ್ಲೀಚಿಂಗ್ ಪೌಡರ್ ಕೂಡಸಬ್ಯಾಡ್ರಿ, ಕ್ಲೋರಿನ್ ಗ್ಯಾಸ್ ಏಳ್ತೈತಿ, ಬಾಗಲಾ ಹಾಕಿದ ಬಚ್ಚಲದಾಗ ಅದು ಜೀವಕ್ಕ ಅಪಾಯ.

ಬೋರ್ ನೀರು ಕುಡಿಯಾಕೂ ಬಳಸ್ತಿದ್ರ ಟೆಸ್ಟ್ ಮಾಡಸ್ರಿ. ನಮ್ಮ ಮುಂಡರಗಿ ಕಡೆ ಫ್ಲೋರೈಡ್ ತ್ರಾಸ ಎಷ್ಟ ಐತಿ ಅಂತ ನಮಗ ಗೊತ್ತು, ಕುದಿಸಿದ್ರ ಫ್ಲೋರೈಡ್ ಹೋಗೂದಿಲ್ಲ, ಆರ್‌ಓ ಬೇಕು.

ಉಣಕಲ್ ಹುಡುಗ, ಹುಬ್ಬಳ್ಳಿ

ಅಣ್ಣಾರ, ಅಕ್ಕಾರ, ಮಾಸ್ತರ, ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ಐತವಾರ ಕುಂತು ಮಾಡಿದೆ. 32 ಜಿಬಿ ಪೆನ್‌ಡ್ರೈವ್ ತಂದು ದನಿ ಫೋಲ್ಡರ್ ಪೂರ್ತಿ, ಅಪ್ಪನ ಚಾಟ್ ಎಕ್ಸ್‌ಪೋರ್ಟ್ ಎರಡೂ ಮಾಡಿ ಕಂಪ್ಯೂಟರ್‌ನ್ಯಾಗ ಹಾಕಿ ಕೇಳಿ ನೋಡಿದೆ, ಎಲ್ಲಾ ಅದಾವು. ಮಾಸ್ತರು ಹೇಳಿದ ಪರೀಕ್ಷೆ ಮಾಡಿದ್ದ ಚಲೋ ಆತು, ವಾಟ್ಸಾಪ್ ಫೋಟೋ ಒಂದೂ ಗೂಗಲ್‌ನ್ಯಾಗ ಇರಲಿಲ್ಲ, ಫೋನ್‌ನ್ಯಾಗಷ್ಟ ಇದ್ವು. ಆಮ್ಯಾಲ ಗ್ರೂಪಿನ ವಿಡಿಯೋ ತಗದ್ರ 21 ಜಿಬಿ ಖಾಲಿ ಆತು. ಟ್ರ್ಯಾಶ್ ಬಳದು, ಹಳೇ ವಾಟ್ಸಾಪ್ ಬ್ಯಾಕಪ್ ವಿಡಿಯೋ ಇಲ್ಲದ ಹೊಸದಾಗಿ ಮಾಡಿದ ಮ್ಯಾಲ ಜೀಮೇಲೂ ಸುರು ಆತು.

ಕೇಳಬೇಕಾದ್ರ ಒಂದ ಮೆಸೇಜ್ ಸಿಕ್ತು, ಅವ್ವ ಇನ್ನೂ ಕೇಳಿರಲಿಲ್ಲ, ಕೆಳಗ ಹೋಗಿಬಿಟ್ಟಿತ್ತು. ಒಂಬತ್ತ ಸೆಕೆಂಡಿಂದು. ಗಿರಮಿಟ್ ಕಟ್ಟಿಸಿಕೊಂಡು ಬರಾಕತ್ತೀನಿ, ಚಹಾ ಇಡು ಅಂತ. ಅವ್ವ ಮೂರ ಸಲ ಹಚ್ಚಿಸಿಕೊಂಡು ಕೇಳಿದ್ಳು.

ಗೀಜರ್‌ನವ್ರು ಬುಧವಾರ ಬರ್ತಾರ. ಅಕ್ಕಾರ, ನಮ್ಮ ಬಚ್ಚಲದಾಗೂ ಶಹಾಬಾದ ಫರಸೀನ ಐತ್ರಿ, ಶವರ್ ತಲಿ ಬಿಚ್ಚಿ ಹೊರಗ ಪ್ಲಾಸ್ಟಿಕ್ ಬುಟ್ಟ್ಯಾಗ ನೆನಸಿ ಇಟ್ಟೀನಿ.